ಹೆಚ್ಚು ಸುತ್ತಿನ ಕಾರ್ ಇಂಜಿನ್: ಕಟ್ಟುವ ಬಗೆ ಮತ್ತು ಸುರಕ್ಷತೆ

ಕಾರಿನ ಇಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಬಹುದು ಎಂಬುದಕ್ಕೆ ತಯಾರಕರು ಒಂದು ಮೇಲ್ಮಿತಿ ಇಟ್ಟಿರುತ್ತಾರೆ. ಮೀಟರಿನಲ್ಲಿ ಕೆಂಪು ಬಳಿದ ಜಾಗ ಅದೇ. ಆ ಗೆರೆಯನ್ನು ದಾಟಿ ಮತ್ತೆ ಮತ್ತೆ ತಿರುಗಿಸಿದರೂ ಒಡೆಯದಂತೆ ಬಿಚ್ಚಿ, ಅಳೆದು, ಭಾಗ ಬದಲಿಸಿ ಕಟ್ಟಿದ್ದನ್ನು ಹೆಚ್ಚು ಸುತ್ತಿನ ಇಂಜಿನ್ ಎನ್ನುತ್ತಾರೆ. ಇದರ ಉದ್ದೇಶ ಸರಳ. ಇಂಜಿನ್ನಿನ ಶಕ್ತಿಯೆಂದರೆ ತಿರುಚು ಬಲ ಮತ್ತು ಸುತ್ತುಗಳ ಗುಣಲಬ್ಧ. 1300 ಸಿಸಿಯ ಇಂಜಿನ್ನೊಂದು 5000 ಸುತ್ತಿನಲ್ಲಿ 100 ನ್ಯೂಟನ್ ಮೀಟರ್ ಬಲ ಕೊಟ್ಟರೆ ಶಕ್ತಿ ಸುಮಾರು 52 ಕಿಲೋವ್ಯಾಟ್. ಅದೇ ಬಲವನ್ನು 8000 ಸುತ್ತಿನವರೆಗೂ ಉಳಿಸಿಕೊಂಡರೆ ಸುಮಾರು 84. ರೇಸುಗಳಲ್ಲಿ ವಿಭಾಗಗಳನ್ನು ಸಿಸಿ ನೋಡಿ ಮಾಡುವುದರಿಂದ ಸಿಲಿಂಡರ್ ದೊಡ್ಡದು ಮಾಡುವಂತಿಲ್ಲ. ಟರ್ಬೊಗೂ ಅವಕಾಶವಿಲ್ಲದ ಕಡೆ ಉಳಿಯುವ ಮುಖ್ಯ ದಾರಿ ಸುತ್ತು ಹೆಚ್ಚಿಸುವುದು.

ಇದಕ್ಕೆ ವಿರುದ್ಧವಾಗಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಸೀಮೆ ಮೊದಲಿನಿಂದ ನಿಧಾನದ ಇಂಜಿನ್ನುಗಳ ಸೀಮೆ. ಹೊಲದ ಬಾವಿಯ ಮೇಲೆ ಕೂತ ಡೀಸೆಲ್ ಪಂಪ್‌ಸೆಟ್ 1500 ಸುತ್ತಿನ ಆಸುಪಾಸಿನಲ್ಲಿ ದಿನವಿಡೀ ದುಡಿಯುತ್ತದೆ. ಟ್ರ್ಯಾಕ್ಟರ್ 2000 ದಾಟಿ ಸ್ವಲ್ಪ ಮೇಲೇರಿದರೆ ಹೆಚ್ಚು. ಬ್ಯಾಡಗಿಯ ಮೆಣಸಿನಕಾಯಿ ಚೀಲ ಹೊತ್ತು ಮೋಟೆಬೆನ್ನೂರಿನ ಬಳಿ ಹೆದ್ದಾರಿ ಸೇರುವ ಲಾರಿಯೂ ಅಷ್ಟೇ. ಇಲ್ಲಿನ ಮೇಸ್ತ್ರಿಗಳ ಕೈ ಪಳಗಿದ್ದು ಇಂಥ ಇಂಜಿನ್ನುಗಳ ಮೇಲೆ: ಬೋರ್ ಮಾಡಿಸುವುದು, ಲೈನರ್ ಹಾಕುವುದು, ಓವರ್‌ಸೈಜ್ ಪಿಸ್ಟನ್ ಕೂರಿಸುವುದು, ಕ್ರ್ಯಾಂಕ್ ಗ್ರೈಂಡ್ ಮಾಡಿಸಿ ಅಂಡರ್‌ಸೈಜ್ ಬೇರಿಂಗ್ ಹಾಕುವುದು. ಲೋಹ ಕಡೆಯುವ ವಿದ್ಯೆಗೂ ಇಲ್ಲಿ ಬೇರಿದೆ. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಿಂದ ತುಂಗಭದ್ರೆ ದಾಟಿದರೆ ಹರಿಹರ. ಅಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ದೇಶದುದ್ದಕ್ಕೂ ವರ್ಕ್‌ಶಾಪುಗಳಿಗೆ ಹೋದವು. ಹೊಳೆಯ ಆಚೆ ಮೈಸೂರು ಸಂಸ್ಥಾನ, ಈಚೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ ಎಂದಿದ್ದ ಕಾಲವದು. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

ನಿಧಾನದ ಇಂಜಿನ್ ಕಟ್ಟುವ ಕೈಗೆ ಹೆಚ್ಚು ಸುತ್ತಿನ ಇಂಜಿನ್ನಿನ ಅರ್ಧ ಕೆಲಸ ಈಗಾಗಲೇ ಗೊತ್ತು. ಉಳಿದರ್ಧ ಬೇರೆಯೇ ಕೆಲಸ, ಹೆಚ್ಚಿನ ಇಂಜಿನ್ನುಗಳು ಒಡೆಯುವುದು ಅಲ್ಲೇ. 2000 ಸುತ್ತಿನಲ್ಲಿ ಕ್ಷಮಿಸಲ್ಪಡುವ ತಪ್ಪು 8000ದಲ್ಲಿ ಕ್ಷಮಿಸಲ್ಪಡುವುದಿಲ್ಲ.

ಬಲದ ಲೆಕ್ಕ: ಪಿಸ್ಟನ್ ಪ್ರತಿ ಸುತ್ತಿನಲ್ಲೂ ಮೇಲೊಮ್ಮೆ, ಕೆಳಗೊಮ್ಮೆ ಪೂರ್ತಿ ನಿಂತು ಹಿಂದಿರುಗುತ್ತದೆ. ಅದನ್ನು ನಿಲ್ಲಿಸಿ ವಾಪಸು ಎಳೆಯುವ ಕೆಲಸ ಕನೆಕ್ಟಿಂಗ್ ರಾಡಿನದು. ಜೋಳದ ಹೊಲದಲ್ಲಿ ಹಕ್ಕಿ ಓಡಿಸುವ ಕವಣೆಯನ್ನು ಎರಡರಷ್ಟು ಬೇಗ ಬೀಸಿದರೆ ಹಗ್ಗದ ಮೇಲಿನ ಎಳೆತ ನಾಲ್ಕರಷ್ಟಾಗುತ್ತದೆ. ಇಲ್ಲಿಯೂ ಬಲ ಬೆಳೆಯುವುದು ಸುತ್ತಿನ ವರ್ಗದಂತೆ. ಮಾರುತಿ ಎಸ್ಟೀಮ್ ಮತ್ತು ಜಿಪ್ಸಿಗಳಲ್ಲಿದ್ದ 1298 ಸಿಸಿಯ ಸುಜುಕಿ ಇಂಜಿನ್ನನ್ನು ತೆಗೆದುಕೊಳ್ಳೋಣ. ಅದರ ಬೋರ್ (ಸಿಲಿಂಡರಿನ ಒಳವ್ಯಾಸ) 74 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಒಂದು ತುದಿಯಿಂದ ಇನ್ನೊಂದಕ್ಕೆ ಓಡುವ ದೂರ) 75.5. 6000 ಸುತ್ತಿನಲ್ಲಿ ಪಿಸ್ಟನ್ ತುದಿ ಮುಟ್ಟಿ ಹಿಂದಿರುಗುವಾಗಿನ ವೇಗೋತ್ಕರ್ಷ ಭೂಮಿಯ ಗುರುತ್ವದ ಸುಮಾರು 2000 ಪಟ್ಟು. ಪಿಸ್ಟನ್, ಪಿನ್, ರಿಂಗು ಸೇರಿ 300 ಗ್ರಾಂ ತೂಗುತ್ತದೆ ಎಂದಿಟ್ಟುಕೊಂಡರೆ ರಾಡಿನ ಮೇಲಿನ ಎಳೆತ ಹತ್ತಿರ ಹತ್ತಿರ 600 ಕಿಲೋ ಭಾರಕ್ಕೆ ಸಮ. 8000 ಸುತ್ತಿನಲ್ಲಿ ಅದೇ 300 ಗ್ರಾಂ ಒಂದು ಟನ್ನಿಗೂ ಮಿಕ್ಕಿ ಎಳೆಯುತ್ತದೆ, ಅದೂ ಸೆಕೆಂಡಿಗೆ 133 ಸಲ. ಸುತ್ತು ಏರಿದ್ದು ಮೂರನೇ ಒಂದು ಭಾಗ, ಭಾರ ಏರಿದ್ದು ಮುಕ್ಕಾಲು ಪಾಲಿಗಿಂತ ಹೆಚ್ಚು.

ಈ ಎಳೆತ ಅತಿ ಹೆಚ್ಚು ಕಾಡುವುದು ಉರಿಯುವ ಹೊಡೆತದಲ್ಲಲ್ಲ ಎಂಬುದು ಹಲವರಿಗೆ ಹೊಸದು. ಉರಿಯುವಾಗ ಅನಿಲದ ಒತ್ತಡ ಪಿಸ್ಟನ್ನನ್ನು ಕೆಳಗೆ ತಳ್ಳಿ ಎಳೆತವನ್ನು ತಗ್ಗಿಸುತ್ತದೆ. ಹೊಗೆ ಹೊರಹಾಕಿ ಮುಗಿದು ಗಾಳಿ ಒಳಬರುವ ಸಂಧಿಯಲ್ಲಿ ಪಿಸ್ಟನ್ ಮೇಲ್ತುದಿಗೆ ಬಂದಾಗ ಅದನ್ನು ತಡೆಯಲು ರಾಡ್ ಮತ್ತು ಅದರ ಎರಡು ಬೋಲ್ಟುಗಳಲ್ಲದೆ ಬೇರೇನೂ ಇರುವುದಿಲ್ಲ. ಆದ್ದರಿಂದ ನೇರ ದಾರಿಯಲ್ಲಿ ಪೂರ್ತಿ ಒತ್ತಿ ಓಡಿಸುವಾಗ ಬದುಕಿದ ಇಂಜಿನ್, ತಿರುವಿನ ಮುಂಚೆ ಗಬಕ್ಕನೆ ಕಾಲು ತೆಗೆದಾಗ ರಾಡ್ ಹೊರಗೆಸೆಯುವುದುಂಟು.

ಇಂಜಿನ್ನುಗಳನ್ನು ಹೋಲಿಸಲು ಪಿಸ್ಟನ್ನಿನ ಸರಾಸರಿ ವೇಗ ಒಳ್ಳೆಯ ಅಳತೆಗೋಲು. ಸ್ಟ್ರೋಕನ್ನು ಎರಡರಿಂದ ಗುಣಿಸಿ, ಸೆಕೆಂಡಿನ ಸುತ್ತುಗಳಿಂದ ಗುಣಿಸಿದರೆ ಅದು ಸಿಗುತ್ತದೆ. ಅಂಬಾಸಡರಿನ ಹಳೆಯ 1489 ಸಿಸಿ ಇಂಜಿನ್ನಿನ ಸ್ಟ್ರೋಕ್ 88.9 ಮಿಲಿಮೀಟರ್, ಬೋರ್ ಬರೀ 73. 5000 ಸುತ್ತಿಗೇ ಪಿಸ್ಟನ್ ಸೆಕೆಂಡಿಗೆ 14.8 ಮೀಟರ್ ಓಡುತ್ತದೆ. ಪ್ರೀಮಿಯರ್ ಪದ್ಮಿನಿಯದು 68ಕ್ಕೆ 75. ಮಾರುತಿ 800ರದು 68.5ಕ್ಕೆ 72, ಅಲ್ಲೂ ಸ್ಟ್ರೋಕೇ ಉದ್ದ. ಇವುಗಳ ನಡುವೆ ಜಾತಿಯೇ ಬೇರೆ ಎನ್ನುವಂತಿದ್ದದ್ದು ಮೊದಲ ಮಾರುತಿ ಝೆನ್. 993 ಸಿಸಿಯ ಆ ಇಂಜಿನ್ನಿನ ಬೋರ್ 72, ಸ್ಟ್ರೋಕ್ 61. 8000 ಸುತ್ತಿನಲ್ಲೂ ಅದರ ಪಿಸ್ಟನ್ ವೇಗ 16.3 ಮೀಟರ್ ಮಾತ್ರ. ಹಳೆಯ ಝೆನ್ ಇಂದಿಗೂ ಟ್ಯೂನರುಗಳಿಗೆ ಪ್ರಿಯವಾಗಿರುವುದಕ್ಕೆ ಈ ಗಿಡ್ಡ ಸ್ಟ್ರೋಕೇ ದೊಡ್ಡ ಕಾರಣ ಎಂದು ಹೇಳಬಹುದು.

ಹೊರಗಿನ ಲೋಕದ ಎರಡು ಅಂಕಿಗಳನ್ನು ಪಕ್ಕದಲ್ಲಿಟ್ಟರೆ ಚಿತ್ರ ಇನ್ನಷ್ಟು ತಿಳಿಯಾಗುತ್ತದೆ. ಫಾರ್ಮುಲಾ ಒನ್ನಿನ 2.4 ಲೀಟರ್ ವಿ8 ಇಂಜಿನ್ನುಗಳಿಗೆ 2007ರಲ್ಲಿ 19,000, 2009ರಿಂದ 18,000 ಸುತ್ತಿನ ಮಿತಿ ಹಾಕಲಾಯಿತು. 98 ಮಿಲಿಮೀಟರ್ ಬೋರಿಗೆ ಸ್ಟ್ರೋಕ್ 40ಕ್ಕೂ ಕಡಿಮೆ, ಹಾಗಾಗಿ 18,000ದಲ್ಲೂ ಪಿಸ್ಟನ್ ವೇಗ ಸುಮಾರು 24 ಮೀಟರ್. ಹೋಂಡಾ ಎಸ್2000 ಎಂಬ ರಸ್ತೆಯ ಕಾರಿನ ಸ್ಟ್ರೋಕ್ 84 ಮಿಲಿಮೀಟರ್. 9000 ಸುತ್ತಿನಲ್ಲಿ ಅದರ ಪಿಸ್ಟನ್ 25 ಮೀಟರ್ ದಾಟುತ್ತದೆ. ಅಂಗಡಿಯಲ್ಲಿ ಕೊಂಡ ಕಾರಿನ ಪಿಸ್ಟನ್ ರೇಸ್ ಕಾರಿನದಕ್ಕಿಂತ ಜೋರಾಗಿ ಓಡುತ್ತಿತ್ತು! ಸುತ್ತಿನ ಅಂಕಿ ಒಂದನ್ನೇ ನೋಡಿ ಬೆರಗಾಗುವವರು ಸ್ಟ್ರೋಕನ್ನೂ ಕೇಳಬೇಕು. ಸಾಮಾನ್ಯ ಎರಕದ ಪಿಸ್ಟನ್, ಮೂಲ ರಾಡುಗಳಿರುವ ಇಂಜಿನ್ನನ್ನು 20 ಮೀಟರಿನಾಚೆ ಒಯ್ಯುವುದು ಜೂಜು.

ಕೆಳಭಾಗ: ಇಂಜಿನ್ ಬದುಕುವುದೋ ಸಾಯುವುದೋ ತೀರ್ಮಾನವಾಗುವುದು ಇಲ್ಲಿ. ಮೊದಲ ಸಂಶಯ ರಾಡ್ ಬೋಲ್ಟುಗಳ ಮೇಲಿರಬೇಕು. ಸರಿಯಾಗಿ ಬಿಗಿದ ಬೋಲ್ಟ್ ಬಿಗಿದ ಸ್ಪ್ರಿಂಗಿನಂತೆ ತುಸು ಹಿಗ್ಗಿ ನಿಂತಿರುತ್ತದೆ. ಪಿಸ್ಟನ್ನಿನ ಎಳೆತ ಈ ಬಿಗಿತಕ್ಕಿಂತ ಕಡಿಮೆ ಇರುವವರೆಗೆ ಬೋಲ್ಟಿಗೆ ಎಳೆತದ ಏರಿಳಿತ ಹೆಚ್ಚು ತಾಗುವುದಿಲ್ಲ. ಮೀರಿದರೆ ರಾಡಿನ ಟೊಪ್ಪಿ ಪ್ರತಿ ಸುತ್ತಿನಲ್ಲೂ ಬಾಯಿಬಿಟ್ಟು ಮುಚ್ಚುತ್ತದೆ, ಬೋಲ್ಟ್ ದಣಿದು ತುಂಡಾಗುತ್ತದೆ. ಹಾಗಾಗಿ ಎತ್ತರದ ದರ್ಜೆಯ ಉಕ್ಕಿನ ಹೊಸ ಬೋಲ್ಟ್ ಹಾಕಬೇಕು, ಟಾರ್ಕ್ ರೆಂಚನ್ನಷ್ಟೇ ನಂಬದೆ ಬೋಲ್ಟ್ ಎಷ್ಟು ಹಿಗ್ಗಿತು ಎಂಬುದನ್ನು ಗೇಜಿನಿಂದ ನೋಡಬೇಕು. ಬಿಚ್ಚಿದ ಹಳೆಯ ಬೋಲ್ಟನ್ನೇ ಒರೆಸಿ ಮತ್ತೆ ಹಾಕುವುದು ಪಂಪ್‌ಸೆಟ್ಟಿಗೆ ನಡೆದೀತು. ಬೋಲ್ಟ್ ಬದಲಿಸಿದ ಮೇಲೆ ರಾಡಿನ ದೊಡ್ಡ ಕಣ್ಣು ಸ್ವಲ್ಪ ಸೊಟ್ಟಗಾಗುವುದರಿಂದ ಅದನ್ನು ಮತ್ತೆ ಹೋನ್ ಮಾಡಿ ದುಂಡಗೆ ತರಬೇಕು. ಈ ಹಂತವನ್ನು ಬಿಡುವವರೇ ಹೆಚ್ಚು.

ಬೇರಿಂಗಿನ ಸಡಿಲಕ್ಕೆ ಹಳೆಯದೊಂದು ಸೂತ್ರವಿದೆ. ಬೇರಿಂಗಿನೊಳಗೆ ತಿರುಗುವ ಜರ್ನಲ್ಲಿನ ವ್ಯಾಸದ ಸಾವಿರದಲ್ಲೊಂದು ಭಾಗ, ಅಂದರೆ 45 ಮಿಲಿಮೀಟರ್ ಜರ್ನಲ್ಲಿಗೆ ಸುಮಾರು 0.045 ಮಿಲಿಮೀಟರ್. ಕಡಿಮೆಯಾದರೆ ಬೇರಿಂಗ್ ಹಿಡಿಯುತ್ತದೆ, ಹೆಚ್ಚಾದರೆ ಎಣ್ಣೆಯ ಒತ್ತಡ ಇಳಿಯುತ್ತದೆ. ಇದನ್ನು ಮೈಕ್ರೋಮೀಟರ್ ಮತ್ತು ಬೋರ್ ಗೇಜಿನಿಂದಲೇ ಅಳೆಯಬೇಕು, ಕೈಯಲ್ಲಿ ಅಲ್ಲಾಡಿಸಿ ‘ಸರಿ ಐತಿ’ ಎನ್ನುವ ಅಂದಾಜಿನಿಂದಲ್ಲ. ಫೋರ್ಜ್ ಮಾಡಿದ ಪಿಸ್ಟನ್ ಎರಕದ್ದಕ್ಕಿಂತ ಗಟ್ಟಿ, ಆದರೆ ಬಿಸಿಗೆ ಹೆಚ್ಚು ಹಿಗ್ಗುವಂಥದ್ದು. ಬೋರಿನಲ್ಲಿ ಅದಕ್ಕೆ ಹೆಚ್ಚು ಜಾಗ ಬೇಕು. ಪಿಸ್ಟನ್ ಬಂದ ಮೇಲೆ ಅದನ್ನು ಅಳೆದು ಬ್ಲಾಕನ್ನು ಬೋರ್ ಮಾಡಿಸಬೇಕೇ ಹೊರತು ಬೋರ್ ಮಾಡಿಸಿ ಪಿಸ್ಟನ್ನಿಗೆ ಕಾಯಬಾರದು.

ಇನ್ನು ತೂಕ. ನಾಲ್ಕೂ ಪಿಸ್ಟನ್ನುಗಳು ಒಂದು ಗ್ರಾಂ ಅಂತರದೊಳಗೆ ಸಮವಾಗಿರಬೇಕು. ರಾಡುಗಳ ಒಟ್ಟು ತೂಕವಷ್ಟೇ ಅಲ್ಲ, ಚಿಕ್ಕ ತುದಿ ಮತ್ತು ದೊಡ್ಡ ತುದಿಗಳನ್ನು ಬೇರೆ ಬೇರೆ ತೂಗಿ ಹೊಂದಿಸಬೇಕು. ಕ್ರ್ಯಾಂಕ್, ಫ್ಲೈವ್ಹೀಲ್, ಕ್ಲಚ್ ಕವರ್‌ಗಳನ್ನು ತಿರುಗಿಸಿ ಸಮತೂಗುವ ಯಂತ್ರ ತಾಲ್ಲೂಕು ಪಟ್ಟಣಗಳಲ್ಲಿ ಅಪರೂಪ. ಇದೊಂದು ಕೆಲಸಕ್ಕಾಗಿ ದೊಡ್ಡ ಊರಿಗೆ ಒಯ್ಯುವುದು ದುಬಾರಿಯೆನಿಸಿದರೂ ಇಡೀ ಯಾದಿಯಲ್ಲಿ ಬಿಡಬಾರದ ಖರ್ಚು ಇದೇ.

ಸುರಕ್ಷತೆ ಎಂದಾಗ ಇಂಜಿನ್ನಿಗಿಂತ ಮುಂಚೆ ಮನುಷ್ಯನನ್ನು ನೆನೆಯಬೇಕಾದದ್ದು ಫ್ಲೈವ್ಹೀಲಿನ ವಿಷಯದಲ್ಲಿ. 250 ಮಿಲಿಮೀಟರ್ ವ್ಯಾಸದ ಫ್ಲೈವ್ಹೀಲಿನ ಅಂಚು 8000 ಸುತ್ತಿನಲ್ಲಿ ಗಂಟೆಗೆ ಸುಮಾರು 377 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಬೇಗ ಸುತ್ತು ಏರಲೆಂದು ಎರಕದ ಕಬ್ಬಿಣದ ಮೂಲ ಫ್ಲೈವ್ಹೀಲನ್ನೇ ಲೇತಿಗೆ ಹಾಕಿ ಸವೆಸುವ ಚಾಳಿ ಎಲ್ಲೆಡೆ ಇದೆ. ಎರಕದ ಕಬ್ಬಿಣ ಒತ್ತಡ ತಾಳುತ್ತದೆ, ಎಳೆತ ತಾಳುವುದಿಲ್ಲ. ಅದು ಸಿಡಿದರೆ ಚೂರುಗಳು ಬೆಲ್ ಹೌಸಿಂಗ್ ಸೀಳಿಕೊಂಡು ಕಾರಿನೊಳಗೆ ಬರಬಲ್ಲವು. ಹಗುರ ಫ್ಲೈವ್ಹೀಲ್ ಬೇಕಿದ್ದರೆ ಉಕ್ಕಿನ ಗಟ್ಟಿಯಲ್ಲಿ ಹೊಸದಾಗಿ ಕಡೆಸಬೇಕು. ಇದರಲ್ಲಿ ರಾಜಿಯಿಲ್ಲ.

ಹೆಡ್: ಗಾಳಿ ಎಳೆದುಕೊಳ್ಳುವ ಶಕ್ತಿ ಇಲ್ಲದಿದ್ದರೆ ಸುತ್ತು ಏರಿಸಿ ಫಲವಿಲ್ಲ. ಪೋರ್ಟುಗಳನ್ನು ತಿದ್ದುವುದು, ದೊಡ್ಡ ವಾಲ್ವ್, ವಾಲ್ವನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್ ಇವೆಲ್ಲ ಆ ಕಾರಣಕ್ಕೆ. ಆದರೆ ವಾಲ್ವನ್ನು ತೆರೆಯುವುದು ಕ್ಯಾಮ್ ಆದರೂ ಮುಚ್ಚುವುದು ಸ್ಪ್ರಿಂಗ್. 8000 ಸುತ್ತಿನಲ್ಲಿ ಪ್ರತಿ ವಾಲ್ವ್ ಸೆಕೆಂಡಿಗೆ 67 ಸಲ ತೆರೆದು ಮುಚ್ಚುತ್ತದೆ. ಒಮ್ಮೆ ತೆರೆದು ಮುಚ್ಚಲು ಸಿಗುವ ಸಮಯ ಸೆಕೆಂಡಿನ ಸಾವಿರ ಭಾಗಗಳಲ್ಲಿ ಐದರಷ್ಟು. ಸ್ಪ್ರಿಂಗ್ ಸೋತರೆ ವಾಲ್ವ್ ಕ್ಯಾಮಿನ ಮೈಬಿಟ್ಟು ತೇಲುತ್ತದೆ, ಮೇಲೇರಿ ಬರುವ ಪಿಸ್ಟನ್ ಅದನ್ನು ಬಡಿಯುತ್ತದೆ. ಬಾಗಿದ ವಾಲ್ವ್, ತೂತಾದ ಪಿಸ್ಟನ್, ಮುಗಿದ ಹೆಡ್.

ಬರೀ ಗಟ್ಟಿ ಸ್ಪ್ರಿಂಗ್ ಹಾಕಿದರಾಯಿತು ಎಂಬುದು ಅರ್ಧ ಸತ್ಯ. ಸ್ಪ್ರಿಂಗಿಗೆ ತನ್ನದೇ ಆದ ಕಂಪನ ಸಂಖ್ಯೆಯಿದೆ. ಒಂದರೊಳಗೊಂದು ಕೂತ ಜೋಡಿ ಸ್ಪ್ರಿಂಗುಗಳು ಒಂದರ ನಡುಕವನ್ನು ಇನ್ನೊಂದು ತಡೆಯುತ್ತವೆ. ವಾಲ್ವ್ ಪೂರ್ತಿ ತೆರೆದಾಗ ಸುರುಳಿಗಳು ಒಂದಕ್ಕೊಂದು ತಾಗಿ ಗಟ್ಟಿಯಾಗಿಬಿಡಬಾರದು. ಸ್ಪ್ರಿಂಗ್ ಗಟ್ಟಿಯಾದಷ್ಟೂ ಕ್ಯಾಮ್, ರಾಕರ್‌ಗಳ ಸವೆತ ಹೆಚ್ಚು. ಹಗುರವಾದ ರಿಟೇನರ್ ಹಾಕಿ ತೂಕ ಇಳಿಸುವುದು ಇದಕ್ಕಿಂತ ಜಾಣತನ. ಎಣ್ಣೆಯಿಂದ ತಾನೇ ಅಂತರ ಹೊಂದಿಸಿಕೊಳ್ಳುವ ಟ್ಯಾಪೆಟ್ಟುಗಳು ಹೆಚ್ಚು ಸುತ್ತಿನಲ್ಲಿ ಉಬ್ಬಿ ವಾಲ್ವನ್ನು ಪೂರ್ತಿ ಮುಚ್ಚಗೊಡದೆ ತೊಂದರೆ ಕೊಡುತ್ತವೆ. ಸ್ಕ್ರೂ ತಿರುವಿ ಅಂತರ ಇಡುವ ಹಳೆಯ ಏರ್ಪಾಡೇ ಇಲ್ಲಿ ವಾಸಿ. ಸ್ಪ್ರಿಂಗಿನ ಹಂಗೇ ಬೇಡವೆಂದು 1954ರ ಮರ್ಸಿಡೀಸ್ ಡಬ್ಲ್ಯು196 ರೇಸ್ ಕಾರಿನಲ್ಲಿ ವಾಲ್ವ್ ಮುಚ್ಚಲೂ ಕ್ಯಾಮ್ ಬಳಸಿದ್ದರು. 1986ರಲ್ಲಿ ರೆನೋ ಉಕ್ಕಿನ ಸುರುಳಿಯ ಬದಲು ಒತ್ತಿದ ಅನಿಲ ತಂದಿತು. ಫಾರ್ಮುಲಾ ಒನ್ 2006ರಲ್ಲಿ 20,000 ಸುತ್ತು ಮುಟ್ಟಿದ್ದು ಅದರ ಬಲದಿಂದ.

ಹೊಸ ಕ್ಯಾಮ್ ಹಾಕಿದಾಗ, ಹೆಡ್ ಸವೆಸಿದಾಗ ವಾಲ್ವಿಗೂ ಪಿಸ್ಟನ್ನಿಗೂ ನಡುವಿನ ಜಾಗ ನೋಡಲೇಬೇಕು. ಪಿಸ್ಟನ್ ತಲೆಯ ಮೇಲೆ ಮೆತ್ತನೆಯ ಮೇಣ ಮೆತ್ತಿ, ಹೆಡ್ ಬಿಗಿದು, ಕೈಯಿಂದ ಎರಡು ಸುತ್ತು ತಿರುಗಿಸಿ, ಬಿಚ್ಚಿ, ಅಚ್ಚು ಬಿದ್ದ ಮೇಣದ ದಪ್ಪ ಅಳೆಯುವುದು ರೂಢಿ. ಒಳವಾಲ್ವಿಗೆ 2, ಹೊಗೆಯ ವಾಲ್ವಿಗೆ 2.5 ಮಿಲಿಮೀಟರ್ ಇದ್ದರೆ ನಿದ್ದೆ ಬರುತ್ತದೆ.

ಎರಡು ಸ್ಟ್ರೋಕ್ ಇಂಜಿನ್ನಿಗೆ ಈ ವಾಲ್ವುಗಳ ಕಾಟವಿಲ್ಲ. 50ಕ್ಕೆ 50ರ ಬೋರ್-ಸ್ಟ್ರೋಕಿನ ಯಮಹಾ ಆರ್‌ಎಕ್ಸ್ 100 ಬೈಕ್ ಅಷ್ಟು ಸಲೀಸಾಗಿ ಸುತ್ತು ಏರುತ್ತಿದ್ದುದರಲ್ಲಿ ಇದೂ ಒಂದು ಕಾರಣ. ಮೈಸೂರಿನ ಐಡಿಯಲ್ ಜಾವಾದವರ 65ಕ್ಕೆ 75ರ ಜಾವಾ, ಯೆಜ್ಡಿಗಳ ಸ್ವಭಾವ ಬೇರೆ. ಅವು ಕೆಳಗಿನ ಸುತ್ತಿನಲ್ಲಿ ಎಳೆಯುವ ಗಾಡಿಗಳು.

ಎಣ್ಣೆ: ರೇಸಿನಲ್ಲಿ ಹೋದ ಬೇರಿಂಗುಗಳ ಕಥೆ ಬಹುತೇಕ ಎಣ್ಣೆಯ ಕಥೆ. ಉದ್ದನೆಯ ತಿರುವಿನಲ್ಲಿ ಇಂಜಿನ್ನಿನ ಅಡಿಯ ಎಣ್ಣೆತೊಟ್ಟಿಯಾದ ಸಂಪಿನ ಎಣ್ಣೆಯೆಲ್ಲ ಒಂದು ಬದಿಗೆ ಏರಿ ಪಂಪಿನ ಬಾಯಿಗೆ ಗಾಳಿ ಸಿಗುತ್ತದೆ. 8000 ಸುತ್ತಿನಲ್ಲಿ ಒಂದೆರಡು ಸೆಕೆಂಡು ಎಣ್ಣೆಯಿಲ್ಲದಿದ್ದರೂ ಬೇರಿಂಗ್ ಕರಗಲು ಸಾಕು. ಸಂಪಿನೊಳಗೆ ತಡೆಗೋಡೆ, ಕದ ಕೂರಿಸುವುದು ಅಗ್ಗದ, ಒಳ್ಳೆಯ ಉಪಾಯ. ಎಣ್ಣೆಯನ್ನು ಹೊರಗಿನ ಟ್ಯಾಂಕಿನಲ್ಲಿಡುವ ಡ್ರೈ ಸಂಪ್ ದುಬಾರಿ. ತಿರುಗುವ ಕ್ರ್ಯಾಂಕ್ ಎಣ್ಣೆಯನ್ನು ಕಡೆದು ನೊರೆ ಮಾಡುತ್ತದೆ, ನೊರೆ ಬೇರಿಂಗನ್ನು ಕಾಯಲಾರದು. ಆದ್ದರಿಂದ ಎಣ್ಣೆ ಹೆಚ್ಚು ತುಂಬುವುದೂ ತಪ್ಪು. ಪ್ರತಿ 1000 ಸುತ್ತಿಗೆ 10 ಪಿಎಸ್‌ಐ ಒತ್ತಡ ಎಂಬ ಹಳೆಯ ಲೆಕ್ಕ ಇಂದಿಗೂ ಬಳಕೆಯಲ್ಲಿದೆ. ಡ್ಯಾಶಿನಲ್ಲಿ ಬರೀ ಕೆಂಪು ದೀಪ ನೆಚ್ಚಿಕೊಳ್ಳಬಾರದು. ಅದು ಹತ್ತುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಒತ್ತಡದ್ದೊಂದು, ಎಣ್ಣೆಯ ಬಿಸಿಯದ್ದೊಂದು ಗೇಜು ಬೇಕು. ಬಯಲುಸೀಮೆಯ ಏಪ್ರಿಲ್ ಬಿಸಿಲಿಗೆ ಎಣ್ಣೆಯ ಕೂಲರ್ ಶೋಕಿಯಲ್ಲ.

ಗಾಳಿ ಮತ್ತು ಇಂಧನ: ಏರ್ ಫಿಲ್ಟರ್ ಕಿತ್ತುಹಾಕಿ ತೆರೆದ ಕೊಳವೆಯಲ್ಲಿ ಗಾಳಿ ಕುಡಿಸುವ ಫ್ಯಾಷನ್ ಎರೆಮಣ್ಣಿನ ಧೂಳೇಳುವ ಈ ಸೀಮೆಗೆ ಸಲ್ಲದು. ಒಳಹೋದ ಧೂಳು ಎಣ್ಣೆಯೊಂದಿಗೆ ಸೇರಿ ಬೋರನ್ನು ಮರಳುಕಾಗದದಂತೆ ಉಜ್ಜುತ್ತದೆ. (ಮಾರುಕಟ್ಟೆಯ ದಿನ ಬ್ಯಾಡಗಿಯಲ್ಲಿ ನಿಂತವರಿಗೆ ಗಾಳಿಯಲ್ಲಿ ಏನೇನು ತೇಲುತ್ತದೆಂದು ಬಿಡಿಸಿ ಹೇಳಬೇಕಿಲ್ಲ.) ಪೆಟ್ರೋಲಿನಲ್ಲಿ ಈಗ ಬೆರೆಸುತ್ತಿರುವ ಶೇಕಡಾ 20ರ ಎಥನಾಲಿಗೆ ನಾಕ್ (ಇಂಧನ ತಾನೇ ಸಿಡಿದು ಬಡಿಯುವುದು) ತಡೆಯುವ ಗುಣ ಹೆಚ್ಚಿದೆ. ಆದರೆ ಅದು ಉರಿಯಲು ಕಡಿಮೆ ಗಾಳಿ ಬೇಡುವುದರಿಂದ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಸುರಿಯಬೇಕು. ಹಳೆಯ ಕಾರ್ಬ್ಯುರೇಟರ್ ಜೆಟ್ಟುಗಳನ್ನೇ ಬಿಟ್ಟರೆ ಮಿಶ್ರಣ ತೆಳುವಾಗಿ ಪಿಸ್ಟನ್ ಸುಡುತ್ತದೆ. ಹಳೆಯ ರಬ್ಬರ್ ಕೊಳವೆಗಳನ್ನೂ ಬದಲಿಸಬೇಕು.

ಮಿತಿ: ಇಂಜಿನ್ನಿನ ಕಂಪ್ಯೂಟರ್ ಆದ ಇಸಿಯುವಿನ ರೆವ್ ಲಿಮಿಟರ್ ಕಿಡಿಯನ್ನೋ ಇಂಧನವನ್ನೋ ತಡೆದು ಸುತ್ತು ಏರದಂತೆ ನೋಡಿಕೊಳ್ಳುತ್ತದೆ. ಅದು ಕಾಯುವುದು ಕಾಲಿನ ತಪ್ಪಿನಿಂದ ಮಾತ್ರ, ಕೈಯ ತಪ್ಪಿನಿಂದಲ್ಲ. ಎರಡನೇ ಗೇರ್ ಮೂರನೆಯದಕ್ಕಿಂತ ಒಂದೂವರೆಪಟ್ಟು ತಿರುಗಿಸುವ ಗೇರ್‌ಬಾಕ್ಸಿನಲ್ಲಿ, 7000 ಸುತ್ತಿನಲ್ಲಿ ಮೂರರಿಂದ ನಾಲ್ಕಕ್ಕೆ ಹೋಗಬೇಕಾದ ಕೈ ಎರಡಕ್ಕೆ ಬಿದ್ದರೆ ಚಕ್ರಗಳೇ ಇಂಜಿನ್ನನ್ನು 10,500ಕ್ಕೆ ಎಳೆದೊಯ್ಯುತ್ತವೆ. ಯಾವ ಲಿಮಿಟರೂ ಇದನ್ನು ತಡೆಯಲಾರದು. ಸವೆದ ಗೇರ್ ಲಿಂಕೇಜ್ ಮತ್ತು ಇಂಜಿನ್ ಮೌಂಟಿಂಗುಗಳನ್ನು ಬದಲಿಸುವುದು ಹೀಗಾಗಿ ಇಂಜಿನ್ ಕೆಲಸದ ಭಾಗವೇ ಆಗುತ್ತದೆ. ಕಟ್ಟಿದ ಇಂಜಿನ್ನನ್ನು ಶಕ್ತಿ ಅಳೆಯುವ ಡೈನೋ ಮೇಲೆ ಹಂತಹಂತವಾಗಿ ಏರಿಸಬೇಕು. ಮೊದಲ ಓಟದ ನಂತರ ಎಣ್ಣೆ ಫಿಲ್ಟರನ್ನು ಕತ್ತರಿಸಿ ಮಡಿಕೆಗಳಲ್ಲಿ ಲೋಹದ ಪುಡಿಯಿದೆಯೇ ನೋಡಬೇಕು. ಶಕ್ತಿ ಇಳಿಮುಖವಾದ ಮೇಲೂ ಸುತ್ತು ಏರಿಸುತ್ತಲೇ ಹೋಗುವುದರಲ್ಲಿ ಅರ್ಥವಿಲ್ಲ. ಡೈನೋದ ಗೆರೆ ಬಾಗಿದ ಜಾಗದಿಂದ 300-400 ಸುತ್ತು ಆಚೆಗೆ ಮಿತಿ ಕಟ್ಟಿದರೆ ಸಾಕು.

ಕರ್ನಾಟಕದಲ್ಲಿ ಈ ವಿದ್ಯೆ ಬೆಳೆದದ್ದು ಬೆಂಗಳೂರಿನ ಗ್ಯಾರೇಜುಗಳಲ್ಲಿ, ಪರೀಕ್ಷೆಗೆ ನಿಂತದ್ದು ನೆರೆಯ ತಮಿಳುನಾಡಿನ ಷೋಲಾವರಂ ವಿಮಾನ ಹಾದಿಯ ರೇಸುಗಳಲ್ಲಿ, ಆಮೇಲೆ 1990ರಿಂದ ಚೆನ್ನೈ ಬಳಿಯ ಇರುಂಗಾಟುಕೋಟೈ ಟ್ರ್ಯಾಕಿನಲ್ಲಿ. ಮಾರುತಿ 800ರ ಇಂಜಿನ್ ಇಟ್ಟ ಫಾರ್ಮುಲಾ ಮಾರುತಿ, ಮುಂದೆ 1300 ಸಿಸಿಯ ಸುಜುಕಿ ಇಂಜಿನ್ನಿನ ಕಾರುಗಳು ಕಟ್ಟುಗಾರರಿಗೆ ಪಾಠಶಾಲೆಯಾದವು. ರ್ಯಾಲಿಯಲ್ಲಿ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000, ಚಿಕ್ಕಮಗಳೂರಿನ ಕಾಫಿ ತೋಟಗಳ ರ್ಯಾಲಿ ಹೆಸರಾದವು. ಈಗ ಎಳೆಯರಿಗೆ ಬಾಗಿಲು ತೆರೆದಿರುವುದು ಇಂಜಿನಿಯರಿಂಗ್ ಕಾಲೇಜುಗಳ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆ. ಬೆಂಗಳೂರಿನ ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್ ಅಂಥ ತಂಡಗಳಲ್ಲಿ ಹಳೆಯದು. ಅಲ್ಲಿ ಇಂಜಿನ್ 710 ಸಿಸಿ ಮೀರುವಂತಿಲ್ಲ, ಪೆಟ್ರೋಲ್ ಇಂಜಿನ್ ಎಳೆಯುವ ಗಾಳಿಯೆಲ್ಲ 20 ಮಿಲಿಮೀಟರ್ ಕಿಂಡಿಯೊಂದರ ಮೂಲಕವೇ ಬರಬೇಕು. ಹಲವು ತಂಡಗಳು ಆರಿಸಿಕೊಂಡ ಹಳೆಯ ಕೆಟಿಎಂ 390ರ ಬೋರ್ 89, ಸ್ಟ್ರೋಕ್ 60. 10,000 ಸುತ್ತಿನಲ್ಲಿ ಪಿಸ್ಟನ್ ವೇಗ ಸರಿಯಾಗಿ 20 ಮೀಟರ್. ಹಾವೇರಿ ಜಿಲ್ಲೆಯ ಹುಡುಗನೊಬ್ಬನಿಗೆ ಈ ಕೆಲಸದ ಹುಚ್ಚಿದ್ದರೆ ಹಳೆಯ ಕಾರು ಕೊಂಡು ಸಾಲ ಮಾಡುವುದಕ್ಕಿಂತ ಇಂಥ ತಂಡ ಸೇರುವುದು ಲೇಸು.

ಕಾನೂನಿನ ಮಾತು ಚಿಕ್ಕದು, ಖಂಡಿತವಾದದ್ದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿ ಪತ್ರದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಬದಲಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೆ ಎರಡೂ. ಸಾರ್ವಜನಿಕ ರಸ್ತೆಯಲ್ಲಿ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ರೇಸು ನಡೆಸುವುದು 189ನೇ ಕಲಮಿನ ಅಪರಾಧ. ಹೆದ್ದಾರಿ 48ರ ಮೇಲೆ ರಾಣೆಬೆನ್ನೂರಿನಿಂದ ಹಾವೇರಿಗೆ ಕಾರು ಸುಖವಾಗಿ ಓಡಲು 3000 ಸುತ್ತು ಸಾಕು. 8000ದ ಇಂಜಿನ್ ಕಟ್ಟಿದವರು ಅದನ್ನು ಟ್ರೇಲರ್ ಮೇಲೆ ಹೇರಿಕೊಂಡು, ಫೆಡರೇಷನ್ ಆಫ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಸ್ ಆಫ್ ಇಂಡಿಯಾದ ಪರವಾನಗಿ ಪಡೆದು, ಟ್ರ್ಯಾಕಿಗೆ ಒಯ್ಯಬೇಕು.